ಕೋಳಿಗೆ ಮದ್ದು, ಕುದುರೆಗೆ ವಿಷ

ಒಂದು ಸಣ್ಣ ಲೆಕ್ಕದಿಂದ ಆರಂಭಿಸೋಣ. ಮೊನೆನ್ಸಿನ್ ಎಂಬುದು ಕೋಳಿ ಆಹಾರಕ್ಕೆ ಬೆರೆಸುವ ಒಂದು ಔಷಧಿ. ಯಾವುದೇ ಔಷಧಿ ಎಷ್ಟು ವಿಷಕರ ಎಂದು ಹೇಳಲು ವಿಜ್ಞಾನಿಗಳು ಒಂದು ಅಳತೆಯನ್ನು ಬಳಸುತ್ತಾರೆ. ಒಂದೇ ಸಲ ತಿನ್ನಿಸಿದಾಗ ಪರೀಕ್ಷೆಗೆ ಒಳಪಟ್ಟ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯುವ ಪ್ರಮಾಣ ಎಷ್ಟು ಎಂಬುದೇ ಆ ಅಳತೆ. ಮೊನೆನ್ಸಿನ್ ವಿಷಯದಲ್ಲಿ ಕೋಳಿಗೆ ಈ ಪ್ರಮಾಣ ದೇಹತೂಕದ ಪ್ರತಿ ಕಿಲೋಗ್ರಾಂಗೆ ಸುಮಾರು 200 ಮಿಲಿಗ್ರಾಂ. ಕುರಿಗೆ ಸುಮಾರು 12. ಕುದುರೆಗೆ ಕೇವಲ 2ರಿಂದ 3 ಮಿಲಿಗ್ರಾಂ!

ಈ ಅಂಕಿಗಳನ್ನು ಇನ್ನೊಂದು ರೀತಿಯಲ್ಲಿ ನೋಡಿ. 450 ಕಿಲೋ ತೂಗುವ ಕುದುರೆಯ ಪ್ರಾಣಕ್ಕೆ ಸಂಚಕಾರ ತರಲು ಸುಮಾರು ಒಂದು ಗ್ರಾಂ ಮೊನೆನ್ಸಿನ್ ಸಾಕು. ಮಾಂಸಕ್ಕಾಗಿ ಸಾಕುವ ಕೋಳಿಗಳ ಆಹಾರದಲ್ಲಿ ಪ್ರತಿ ಕಿಲೋಗ್ರಾಂಗೆ 100ರಿಂದ 120 ಮಿಲಿಗ್ರಾಂ ಮೊನೆನ್ಸಿನ್ ಇರುತ್ತದೆ. ಅಂದರೆ, ಕಟ್ಟು ಬಿಚ್ಚಿಕೊಂಡ ಕುದುರೆಯೊಂದು ಕೋಳಿ ಆಹಾರದ ಚೀಲಕ್ಕೆ ಬಾಯಿ ಹಾಕಿ ಹತ್ತು ಕಿಲೋ ತಿಂದರೆ ಅದರ ಕಥೆ ಮುಗಿದಂತೆ. ಅದೇ ಚೀಲದ ಆಹಾರವನ್ನು ಕೋಳಿಗಳು ದಿನವೂ ತಿಂದು ದಷ್ಟಪುಷ್ಟವಾಗಿ ಬೆಳೆಯುತ್ತವೆ.

ಹೀಗೇಕೆ? ಉತ್ತರ ಸ್ನಾಯುವಿನ ಜೀವಕೋಶದೊಳಗಿದೆ, ಒಂದಿಷ್ಟು ಯಕೃತ್ತಿನಲ್ಲಿಯೂ ಇದೆ. ಆದರೆ ಅಲ್ಲಿಗೆ ಹೋಗುವ ಮೊದಲು ಈ ಔಷಧಿ ಮೇವಿನ ತೊಟ್ಟಿಗೆ ಬಂದು ಸೇರಿದ ದಾರಿಯನ್ನು ತಿಳಿಯಬೇಕು.

ಪ್ರತಿಜೈವಿಕ, ಅಂದರೆ ಆಂಟಿಬಯಾಟಿಕ್ ಎಂದೊಡನೆ ನಿಮಗೆ ಪೆನಿಸಿಲಿನ್ ನೆನಪಾಗುತ್ತದೆ. ಆದರೆ ಪ್ರತಿಜೈವಿಕಗಳ ದೊಡ್ಡ ಗಣಿ ಇರುವುದು ಮಣ್ಣಿನಲ್ಲಿ. ಮೊದಲ ಮಳೆ ಬಿದ್ದಾಗ ಮಣ್ಣಿನಿಂದ ಏಳುವ ವಾಸನೆ ನಿಮಗೆಲ್ಲ ಗೊತ್ತು. ಆ ವಾಸನೆಗೆ ಬಹುಮಟ್ಟಿಗೆ ಕಾರಣವಾದ ಸ್ಟ್ರೆಪ್ಟೊಮೈಸಿಸ್ ಎಂಬ ಸೂಕ್ಷ್ಮಜೀವಿಗಳ ಕುಲವೇ ನಮಗೆ ನೂರಾರು ಪ್ರತಿಜೈವಿಕಗಳನ್ನು ಕೊಟ್ಟಿದೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಔಷಧ ಕಂಪನಿಗಳು ಊರೂರಿನ ಮಣ್ಣನ್ನು ತರಿಸಿ ಹುಡುಕಾಟ ನಡೆಸಿದವು. ಹಾಗೆ ಹುಡುಕುತ್ತಿದ್ದ ಹಾಫ್‌ಮನ್ ಲಾ ರೋಷ್ ಕಂಪನಿಯ ಜೂಲಿಯಸ್ ಬರ್ಗರ್ ಮತ್ತು ಅವರ ಸಂಗಡಿಗರು 1951ರಲ್ಲಿ ಮೂರು ಹೊಸ ಪ್ರತಿಜೈವಿಕಗಳನ್ನು ವರದಿ ಮಾಡಿದರು. ಅವುಗಳಲ್ಲಿ ಒಂದಕ್ಕೆ ಹೆಸರು ಕೂಡ ಇರಲಿಲ್ಲ, ಎಕ್ಸ್-537ಎ ಎಂಬ ಕ್ರಮಾಂಕ ಮಾತ್ರ ಇತ್ತು. ಮನುಷ್ಯರ ಚಿಕಿತ್ಸೆಗೆ ಅದು ಒದಗಿಬರಲಿಲ್ಲ. ಇಪ್ಪತ್ತು ವರ್ಷಗಳಷ್ಟು ಕಾಲ ಹೆಚ್ಚಿನವರು ಅದರ ಕಡೆ ತಿರುಗಿ ನೋಡಲಿಲ್ಲ. ಮುಂದೆ ಲಸಲೋಸಿಡ್ ಎಂಬ ಹೆಸರು ಪಡೆದು ಮೇವಿನ ಔಷಧಿಯಾದದ್ದು ಇದೇ ವಸ್ತು.

ಪ್ರತಿಜೈವಿಕವನ್ನು ಮೇವಿಗೆ ಬೆರೆಸುವ ಯೋಚನೆ ಹುಟ್ಟಿದ್ದು ಬೇರೊಂದು ಕಡೆ, ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್ ಎಂಬಲ್ಲಿದ್ದ ಲೆಡರ್ಲೆ ಪ್ರಯೋಗಾಲಯದಲ್ಲಿ. ಅಲ್ಲಿ ಬೆಂಜಮಿನ್ ಡಗ್ಗರ್ ಎಂಬ ಹಿರಿಯ ಸಸ್ಯವಿಜ್ಞಾನಿ ಕಂಡುಹಿಡಿದ ಆರಿಯೋಮೈಸಿನ್ 1948ರಲ್ಲಿ ಬೆಳಕಿಗೆ ಬಂತು. ಆಗ ಅಲ್ಲಿಯ ಸಂಶೋಧನಾ ನಿರ್ದೇಶಕರಾಗಿದ್ದವರು ನಮ್ಮ ನೆರೆಯ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅದೇ ವರ್ಷದ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು. ಸುಬ್ಬರಾವ್ ಅವರ ಹೆಸರನ್ನು ನೆನಪಿಟ್ಟುಕೊಳ್ಳಿ, ಇನ್ನೊಂದು ಕಾರಣಕ್ಕಾಗಿ ಮುಂದೆ ಅವರು ಮತ್ತೆ ಬರುತ್ತಾರೆ.

ಅದೇ ಪ್ರಯೋಗಾಲಯದಲ್ಲಿ ಥಾಮಸ್ ಜ್ಯೂಕ್ಸ್ ಮತ್ತು ರಾಬರ್ಟ್ ಸ್ಟೋಕ್‌ಸ್ಟಾಡ್ ಎಂಬ ಇಬ್ಬರು ಪೌಷ್ಟಿಕತೆಯ ತಜ್ಞರು ಕೋಳಿಮರಿಗಳಿಗೆ ಅಗ್ಗದ ಬಿ-12 ಜೀವಸತ್ವ ಎಲ್ಲಿ ಸಿಕ್ಕೀತು ಎಂದು ಹುಡುಕುತ್ತಿದ್ದರು. ಆರಿಯೋಮೈಸಿನ್ ತಯಾರಿಸಿದ ಮೇಲೆ ಉಳಿಯುವ ಚರಟದಲ್ಲಿ ಆ ಜೀವಸತ್ವ ಇರಬಹುದೆಂದು ಅದನ್ನು ಮರಿಗಳಿಗೆ ತಿನ್ನಿಸಿದರು. 1948ರ ಕ್ರಿಸ್‌ಮಸ್ ದಿನ ಸಿಬ್ಬಂದಿಗೆಲ್ಲ ರಜೆ. ಜ್ಯೂಕ್ಸ್ ಒಬ್ಬರೇ ಬಂದು ಮರಿಗಳನ್ನು ತೂಗಿದರು. ಚರಟ ತಿಂದ ಮರಿಗಳು ಬಿ-12 ಒಂದರಿಂದಲೇ ಸಾಧ್ಯವಾಗುವುದಕ್ಕಿಂತ ಹೆಚ್ಚು ಬೆಳೆದಿದ್ದವು. ಚರಟದಲ್ಲಿ ಉಳಿದಿದ್ದ ಅತ್ಯಲ್ಪ ಪ್ರತಿಜೈವಿಕವೇ ಇದಕ್ಕೆ ಕಾರಣವಾಗಿತ್ತು. 1950ರಲ್ಲಿ ಈ ಸಂಗತಿ ಬಹಿರಂಗವಾಯಿತು. ಪ್ರತಿಜೈವಿಕದಿಂದ ಮರಿ ಬೇಗ ಬೆಳೆಯುವುದು ಏಕೆ ಎಂಬುದು ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಆದರೂ ಮಾರಾಟ ಭರದಿಂದ ಸಾಗಿತು. ವಿಜ್ಞಾನದ ಇತಿಹಾಸದಲ್ಲಿ ಹೀಗಾದದ್ದು ಇದೊಂದೇ ಸಲವಲ್ಲ ಎನ್ನಿ.

ಈ ಹೊತ್ತಿಗೆ ಅಮೆರಿಕದಲ್ಲಿ ಕೋಳಿ ಸಾಕಣೆಯ ರೂಪವೇ ಬದಲಾಗುತ್ತಿತ್ತು. ಹಿತ್ತಿಲಲ್ಲಿ ಕೆದಕಿ ತಿನ್ನುತ್ತಿದ್ದ ಹತ್ತಿಪ್ಪತ್ತು ಕೋಳಿಗಳ ಜಾಗದಲ್ಲಿ ಒಂದೇ ಸೂರಿನಡಿ ಸಾವಿರಾರು ಮರಿಗಳು ಬಂದವು. ಹೀಗೆ ಒತ್ತಾಗಿ ಬೆಳೆಸಿದಾಗ ಒಂದು ಹಳೆಯ ಶತ್ರು ತಲೆಯೆತ್ತಿತು. ಅದೇ ಕಾಕ್ಸಿಡಿಯೋಸಿಸ್, ನಮ್ಮ ಕೋಳಿ ಸಾಕಣೆದಾರರು ರಕ್ತಭೇದಿ ಎನ್ನುವ ರೋಗ. ಐಮೀರಿಯ ಎಂಬ ಏಕಕೋಶ ಪರಾವಲಂಬಿ ಇದನ್ನು ತರುತ್ತದೆ. ಕೋಳಿಯ ಹಿಕ್ಕೆಯಲ್ಲಿ ಅದರ ಅಂಡಕೋಶಗಳು ಹೊರಬರುತ್ತವೆ, ನೆಲಕ್ಕೆ ಹಾಸಿದ ಹೊಟ್ಟಿನ ತೇವದಲ್ಲಿ ಬಲಿಯುತ್ತವೆ, ಇನ್ನೊಂದು ಕೋಳಿ ಆ ಹೊಟ್ಟನ್ನು ಕೆದಕಿ ಕೊಕ್ಕಿದಾಗ ಅದರ ಹೊಟ್ಟೆ ಸೇರುತ್ತವೆ. ಅಲ್ಲಿ ಕರುಳಿನ ಗೋಡೆಯ ಜೀವಕೋಶಗಳೊಳಗೆ ನುಗ್ಗಿ, ಮರಿಮಾಡಿ, ಅವನ್ನು ಒಡೆದು ಹೊರಬರುತ್ತವೆ. ಕರುಳು ಹುಣ್ಣಾಗಿ ರಕ್ತ ಸೋರುತ್ತದೆ. ಸಾವಿರ ಮರಿಗಳ ಶೆಡ್ಡಿನಲ್ಲಿ ಇದು ಹೊಕ್ಕರೆ ರೈತನ ಗತಿ ಏನು ಎಂದು ನೀವೇ ಊಹಿಸಿಕೊಳ್ಳಿ.

1948ರಿಂದ ಸಲ್ಫಾ ಗುಂಪಿನ ಒಂದು ಔಷಧಿಯನ್ನು ಆಹಾರದಲ್ಲಿ ಬೆರೆಸುವ ರೂಢಿ ಬಂತು. ಆಮೇಲೆ ಒಂದರ ಹಿಂದೆ ಒಂದು ಔಷಧಿ ಬಂದವು. ಕೆಲವು ವರ್ಷಗಳಲ್ಲಿ ಪರಾವಲಂಬಿ ಪ್ರತಿಯೊಂದಕ್ಕೂ ಒಗ್ಗಿಕೊಂಡಿತು. 1967ರಲ್ಲಿ ಎಲಿ ಲಿಲ್ಲಿ ಕಂಪನಿಯ ವಿಜ್ಞಾನಿಗಳು ಸ್ಟ್ರೆಪ್ಟೊಮೈಸಿಸ್ ಕುಲದ ಒಂದು ಜೀವಿಯಿಂದ ಪಡೆದ ಮೊನೆನ್ಸಿನ್ ಬಗ್ಗೆ ಪ್ರಕಟಿಸಿದರು. ಅದರ ಬೆಳ್ಳಿ ಲವಣದ ಹರಳುಗಳ ಮೇಲೆ ಕ್ಷಕಿರಣ ಹಾಯಿಸಿ ಅಣುವಿನ ರಚನೆಯನ್ನೂ ಅದೇ ವರ್ಷ ಬಿಡಿಸಿದರು. 1971ರಲ್ಲಿ ಅಮೆರಿಕದಲ್ಲಿ ಕೋಳಿ ಆಹಾರಕ್ಕೆ ಅದನ್ನು ಬೆರೆಸಲು ಒಪ್ಪಿಗೆ ದೊರೆಯಿತು. ಕೋಳಿ ಉದ್ಯಮಕ್ಕೆ ಇದು ವರದಾನವಾಯಿತು ಎಂದರೆ ಅತಿಶಯೋಕ್ತಿಯಲ್ಲ. ಕರುಳಿನ ಜೀವಕೋಶವನ್ನು ಹೊಗುವ ಮೊದಲೇ ಪರಾವಲಂಬಿಯನ್ನು ಅದು ಕೊಲ್ಲುತ್ತಿತ್ತು. ಅಲ್ಲೊಂದು ಇಲ್ಲೊಂದು ಉಳಿದುಕೊಂಡವು ಕೋಳಿಯ ದೇಹಕ್ಕೆ ರೋಗನಿರೋಧಕ ಶಕ್ತಿಯನ್ನು ಕಲಿಸುತ್ತಿದ್ದವು. ಹಿಂದಿನ ಔಷಧಿಗಳಂತೆ ಇದು ಬೇಗ ಮೊಂಡಾಗಲಿಲ್ಲ. ಜಪಾನಿನಲ್ಲಿ 1974ರಲ್ಲಿ ಸಲಿನೋಮೈಸಿನ್ ವರದಿಯಾಯಿತು. ನರಾಸಿನ್, ಮದುರಾಮೈಸಿನ್ ಮುಂತಾದ ಸೋದರರು ಹಿಂದೆಯೇ ಬಂದರು. ಇವುಗಳಲ್ಲಿ ಕೆಲವು ಇಂದು ನಮ್ಮ ದೇಶದ ಕೋಳಿ ಆಹಾರದಲ್ಲಿಯೂ ಬಳಕೆಯಲ್ಲಿವೆ.

1975ರಲ್ಲಿ ಮೊನೆನ್ಸಿನ್‌ಗೆ ಇನ್ನೊಂದು ಬಾಗಿಲು ತೆರೆಯಿತು. ಮೆಲುಕು ಹಾಕುವ ದನದ ಮೊದಲ ಹೊಟ್ಟೆ ಒಂದು ದೊಡ್ಡ ಹುದುಗುತೊಟ್ಟಿ. ಅಲ್ಲಿಯ ಕೆಲವು ಬಗೆಯ ಬ್ಯಾಕ್ಟೀರಿಯಗಳನ್ನು ಮೊನೆನ್ಸಿನ್ ಅಡಗಿಸುತ್ತದೆ. ಇದರಿಂದ ದನ ತೇಗಿ ಹೊರಹಾಕುವ ಮೀಥೇನ್ ಅನಿಲ ಕಡಿಮೆಯಾಗಿ, ದನಕ್ಕೆ ಉಪಯೋಗವಾಗುವ ಪ್ರೊಪಿಯೋನಿಕ್ ಆಮ್ಲ ಹೆಚ್ಚುತ್ತದೆ. ಅಷ್ಟೇ ಮೇವಿನಲ್ಲಿ ಹೆಚ್ಚು ಮಾಂಸ. ಹೀಗಾಗಿ ಕೋಳಿ, ದನ, ಕುದುರೆ ಎಲ್ಲವೂ ಇರುವ ಅಮೆರಿಕದ ಸಾವಿರಾರು ಜಮೀನುಗಳಿಗೆ ಮೊನೆನ್ಸಿನ್ ಬಂದು ಸೇರಿತು. ಕೋಳಿಗೆ ಆಹಾರ ಬೆರೆಸುವ ಗಿರಣಿಯಲ್ಲಿಯೇ ದನಕ್ಕೂ ಬೆರೆಸುತ್ತಾರೆ, ಕುದುರೆಗೂ ಬೆರೆಸುತ್ತಾರೆ.

ಕುದುರೆಗಳು ಸಾಯತೊಡಗಿದವು.

1976ರಲ್ಲಿ ಟಿ. ಮತ್ಸುವೋಕ ಎಂಬ ವಿಜ್ಞಾನಿ ಕುದುರೆಗಳಲ್ಲಿ ಮೊನೆನ್ಸಿನ್ ವಿಷದ ಪರೀಕ್ಷೆ ನಡೆಸಿ ಅಮೆರಿಕದ ಪಶುವೈದ್ಯ ಸಂಘದ ಪತ್ರಿಕೆಯಲ್ಲಿ ಬರೆದರು. ಮೊದಲಿಗೆ ಹೇಳಿದ 2-3 ಮಿಲಿಗ್ರಾಂ ಲೆಕ್ಕ ಅಂಥ ಪರೀಕ್ಷೆಗಳಿಂದ ದೊರೆತದ್ದು. ವಿಷವೇರಿದ ಕುದುರೆ ಮೊದಲು ಮೇವು ಬಿಡುತ್ತದೆ. ಮೈ ಬೆವರುತ್ತದೆ, ಹೊಟ್ಟೆನೋವು ಬಂದಂತೆ ಒದ್ದಾಡುತ್ತದೆ. ಹಿಂಗಾಲು ತಡವರಿಸುತ್ತದೆ. ಮೂತ್ರ ಕಪ್ಪು ಕಾಫಿಯ ಬಣ್ಣಕ್ಕೆ ತಿರುಗಬಹುದು. ನಾಡಿ ಏರುತ್ತದೆ, ಲಯ ತಪ್ಪುತ್ತದೆ, ನೆಲಕ್ಕೊರಗುತ್ತದೆ. ಕೆಲವು ಕೆಲವೇ ಗಂಟೆಗಳಲ್ಲಿ ಸಾಯುತ್ತವೆ. ಶವಪರೀಕ್ಷೆ ಮಾಡಿದರೆ ಹೃದಯದ ಸ್ನಾಯುವಿನಲ್ಲಿ ಬಿಳಿಚಿದ ಗೆರೆಗಳು ಕಾಣುತ್ತವೆ. ಬದುಕುಳಿದವುಗಳ ಕಥೆ ಇನ್ನೂ ಕರುಣಾಜನಕ. ವಾರಗಳು ತಿಂಗಳುಗಳು ಕಳೆದು, ಗುಣವಾಯಿತೆಂದು ಸವಾರಿಗೆ ತೆಗೆದಾಗ, ಓಡುತ್ತಿದ್ದಂತೆಯೇ ಕುಸಿದು ಬೀಳುವುದುಂಟು. ಹೃದಯದ ಸ್ನಾಯು ಒಮ್ಮೆ ಸತ್ತರೆ ಮತ್ತೆ ಬೆಳೆಯುವುದಿಲ್ಲ ಎನ್ನಬಹುದು. ಆ ಜಾಗದಲ್ಲಿ ನಾರುಗಟ್ಟಿದ ಕಲೆ ಉಳಿಯುತ್ತದೆ, ಕಲೆಗೆ ಮಿಡಿಯಲು ಬರುವುದಿಲ್ಲ.

ಈಗ ಜೀವಕೋಶದೊಳಕ್ಕೆ ಹೋಗೋಣ. 1960ರ ದಶಕದಲ್ಲಿ ಅಮೆರಿಕದ ಬರ್ಟನ್ ಪ್ರೆಸ್‌ಮನ್ ಎಂಬ ಜೀವರಸಾಯನ ವಿಜ್ಞಾನಿ ಕೆಲವು ಪ್ರತಿಜೈವಿಕಗಳು ವಿಚಿತ್ರವಾದ ಕೆಲಸ ಮಾಡುವುದನ್ನು ಕಂಡರು. ಅವು ಜೀವಕೋಶದ ಪೊರೆಯ ಮೂಲಕ ಅಯಾನುಗಳನ್ನು ದಾಟಿಸುತ್ತಿದ್ದವು. ಅಯಾನು ಎಂದರೆ ವಿದ್ಯುದಂಶ ಹೊತ್ತ ಪರಮಾಣು ಎಂದು ನೀವು ಓದಿದ್ದೀರಿ. ಉಪ್ಪನ್ನು ನೀರಿಗೆ ಹಾಕಿದರೆ ಸೋಡಿಯಂ ಅಯಾನು, ಕ್ಲೋರೈಡ್ ಅಯಾನು ಎಂದು ಒಡೆಯುತ್ತದೆ. ಪೊರೆಯ ಒಡಲು ಕೊಬ್ಬಿನದು. ಎಣ್ಣೆಯಲ್ಲಿ ಉಪ್ಪು ಕರಗದಂತೆ ಅಯಾನುಗಳು ತಾವಾಗಿ ಅದನ್ನು ದಾಟಲಾರವು. ಅವನ್ನು ದಾಟಿಸುವ ಈ ವಸ್ತುಗಳಿಗೆ ಪ್ರೆಸ್‌ಮನ್ ಅಯಾನೊಫೋರ್ ಎಂದು ಹೆಸರಿಟ್ಟರು. ಅಯಾನುಗಳನ್ನು ಹೊರುವಂಥದು ಎಂದು ಅರ್ಥ.

ತುಂಗಭದ್ರೆಯ ಹರಿಗೋಲನ್ನು ನೋಡಿದ್ದೀರಾ? ಮೊನೆನ್ಸಿನ್ ಅಣು ಅಂಥದೇ ಒಂದು ದುಂಡನೆಯ ದೋಣಿ. ಒಳಗೆ ಆಮ್ಲಜನಕದ ಪರಮಾಣುಗಳು ಸುತ್ತುವರಿದು ಒಂದು ಸೋಡಿಯಂ ಅಯಾನನ್ನು ಕೂರಿಸಿಕೊಳ್ಳುತ್ತವೆ. ಹೊರಮೈ ಜಿಡ್ಡಿನದು, ಆದ್ದರಿಂದ ಕೊಬ್ಬಿನ ಪೊರೆಯೊಳಗೆ ಸಲೀಸಾಗಿ ತೇಲುತ್ತದೆ. ಸೋಡಿಯಂ ಅನ್ನು ಒಳದಡದಲ್ಲಿ ಇಳಿಸಿ, ಹೈಡ್ರೊಜನ್ ಅಯಾನನ್ನು ಹತ್ತಿಸಿಕೊಂಡು ಹೊರದಡಕ್ಕೆ ಮರಳುತ್ತದೆ. ಮತ್ತೆ ಸೋಡಿಯಂ, ಮತ್ತೆ ಆ ದಡ. ಈ ಅಂಬಿಗನಿಗೆ ದಣಿವಿಲ್ಲ. ಲಸಲೋಸಿಡ್ ಆದರೆ ಕ್ಯಾಲ್ಸಿಯಂ ಅನ್ನು ನೇರವಾಗಿಯೇ ಹೊತ್ತು ತರಬಲ್ಲದು.

ಸೋಡಿಯಂ ಒಳಗೆ ಬಂದರೆ ಏನಾಯಿತು ಎನ್ನುತ್ತೀರಾ? ಜೀವಕೋಶದ ಹೊರಗಿನ ದ್ರವದಲ್ಲಿರುವ ಸೋಡಿಯಂ ಒಳಗಿನದಕ್ಕಿಂತ ಸುಮಾರು ಹತ್ತುಪಟ್ಟು ಹೆಚ್ಚು. ಈ ಅಂತರವನ್ನು ಕಾಯ್ದುಕೊಳ್ಳಲು ಪ್ರತಿಯೊಂದು ಜೀವಕೋಶವೂ ಒಂದು ಪಂಪನ್ನು ಹಗಲಿರುಳು ನಡೆಸುತ್ತದೆ. 1957ರಲ್ಲಿ ಡೆನ್ಮಾರ್ಕಿನ ಯೆನ್ಸ್ ಸ್ಕೌ ಈ ಪಂಪನ್ನು ಗುರುತಿಸಿದರು, ಅದಕ್ಕಾಗಿ 1997ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ಪಂಪು ನಡೆಯಲು ಬೇಕಾದ ಇಂಧನ ಎಟಿಪಿ ಎಂಬ ರಾಸಾಯನಿಕ. ಸ್ನಾಯು ಕುಗ್ಗಿ ಹಿಗ್ಗಲು ಬೇಕಾದದ್ದೂ ಅದೇ. 1929ರಲ್ಲಿ ಹಾರ್ವರ್ಡಿನಲ್ಲಿ ಸೈರಸ್ ಫಿಸ್ಕ್ ಅವರೊಡನೆ ಸ್ನಾಯುವಿನಲ್ಲಿ ಈ ಎಟಿಪಿಯನ್ನು ಕಂಡುಹಿಡಿದವರು ಯಾರು ಗೊತ್ತೇ? ಆಗ ಮೂವತ್ತರ ಹರೆಯದಲ್ಲಿದ್ದ ಅದೇ ಯಲ್ಲಾಪ್ರಗಡ ಸುಬ್ಬರಾವ್. ಜರ್ಮನಿಯ ಕಾರ್ಲ್ ಲೋಮನ್ ಅದೇ ವರ್ಷ ಸ್ವತಂತ್ರವಾಗಿ ಕಂಡುಕೊಂಡರು. ಸ್ನಾಯುವಿನ ಇಂಧನವನ್ನು ಕಂಡವರೇ ಮುಂದೆ ಮೇವಿಗೆ ಪ್ರತಿಜೈವಿಕ ಹೊರಟ ಪ್ರಯೋಗಾಲಯವನ್ನು ನಡೆಸಿದ್ದು ಕಾಕತಾಳೀಯ. ಆದರೂ ನಮ್ಮ ಪಠ್ಯಪುಸ್ತಕಗಳಲ್ಲಿ ಅವರಿಗೆ ದೊರೆತಿರುವ ಜಾಗ ತೀರ ಕಡಿಮೆ ಎಂದು ನನ್ನ ಭಾವನೆ.

ಎಲ್ಲ ಜೀವಕೋಶಗಳಿಗೂ ಈ ಹರಿಗೋಲಿನಿಂದ ತೊಂದರೆಯೇ. ಆದರೆ ಸ್ನಾಯುವಿಗೇ ಏಕೆ ಮೊದಲು ಕುತ್ತು ಬರುತ್ತದೆ? ಅಲ್ಲಿ ಕ್ಯಾಲ್ಸಿಯಂ ಪ್ರವೇಶವಾಗುತ್ತದೆ. ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿಟ್ಟು ಮಿಡಿಸುವ ಪ್ರಯೋಗ ಮಾಡುತ್ತಿದ್ದರು. ಶುದ್ಧ ಬಟ್ಟಿ ನೀರಿನ ಬದಲು ನಲ್ಲಿ ನೀರಿನಿಂದ ಮಾಡಿದ ದ್ರಾವಣದಲ್ಲಿ ಹೃದಯ ಚೆನ್ನಾಗಿ ಮಿಡಿಯಿತು, ಬಟ್ಟಿ ನೀರಿನದರಲ್ಲಿ ನಿಂತಿತು. ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಂ ಇದಕ್ಕೆ ಕಾರಣವೆಂದು 1883ರಲ್ಲಿ ಅವರು ತೋರಿಸಿದರು. ಕುಗ್ಗು ಎಂದು ಸ್ನಾಯುವಿಗೆ ಆಜ್ಞೆ ಕೊಡುವುದು ಕ್ಯಾಲ್ಸಿಯಂ. ಆಜ್ಞೆ ಇಲ್ಲದಾಗ ಒಳಗಿನ ಕ್ಯಾಲ್ಸಿಯಂ ಹೊರಗಿನದರ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಮಾತ್ರ ಇರುತ್ತದೆ. ಹೃದಯದ ಸ್ನಾಯುವಿನಲ್ಲಿ ಕ್ಯಾಲ್ಸಿಯಂ ಅನ್ನು ಹೊರದೂಡುವ ಒಂದು ಮುಖ್ಯ ಏರ್ಪಾಡು ಸೋಡಿಯಂ ಅನ್ನೇ ಅವಲಂಬಿಸಿದೆ. ಸೋಡಿಯಂ ಒಳಕ್ಕೆ ಜಾರುವ ರಭಸದಲ್ಲಿ ಕ್ಯಾಲ್ಸಿಯಂ ಹೊರಕ್ಕೆ ತಳ್ಳಲ್ಪಡುತ್ತದೆ. ಬಾವಿಯ ರಾಟೆಯಲ್ಲಿ ಒಂದು ಕೊಡ ಇಳಿದಾಗ ಇನ್ನೊಂದು ಏರುವ ಹಾಗೆ.

ಮೊನೆನ್ಸಿನ್ ಬಂದು ಒಳಗೆ ಸೋಡಿಯಂ ತುಂಬಿತೆನ್ನಿ. ರಾಟೆಯ ಎರಡು ಕೊಡಗಳ ತೂಕದ ಅಂತರ ಇಲ್ಲವಾಗುತ್ತದೆ. ಕ್ಯಾಲ್ಸಿಯಂ ಹೊರಹೋಗುವುದು ನಿಲ್ಲುತ್ತದೆ, ರಾಟೆ ಹಿಮ್ಮೊಗವಾಗಿ ತಿರುಗಿ ಕ್ಯಾಲ್ಸಿಯಂ ಒಳಗೇ ಬರತೊಡಗುತ್ತದೆ. ಸ್ನಾಯು ಬಿಡುವಿಲ್ಲದೆ ಬಿಗಿಯುತ್ತದೆ. ಕೋಶದ ವಿದ್ಯುದಾಗಾರಗಳಾದ ಮೈಟೊಕಾಂಡ್ರಿಯಗಳು ಹೆಚ್ಚಾದ ಕ್ಯಾಲ್ಸಿಯಂ ಅನ್ನು ನುಂಗಿ ನುಂಗಿ ಊದಿಕೊಂಡು ಕೆಲಸ ನಿಲ್ಲಿಸುತ್ತವೆ. ಎಟಿಪಿ ತಯಾರಿಕೆ ಕುಸಿಯುತ್ತದೆ. ಎಟಿಪಿ ಇಲ್ಲದೆ ಸೋಡಿಯಂ ಪಂಪು ನಿಲ್ಲುತ್ತದೆ, ಇನ್ನಷ್ಟು ಸೋಡಿಯಂ ಬರುತ್ತದೆ. ಒಳಗಿನ ಕಿಣ್ವಗಳು ತಮ್ಮ ಮನೆಯನ್ನೇ ಜೀರ್ಣಿಸತೊಡಗುತ್ತವೆ. ಪೊರೆ ಹರಿಯುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸ್ನಾಯುವಿನ ಎಳೆಗಳಲ್ಲಿ ಸಾಲಾಗಿ ಕಾಣಬೇಕಾದ ಅಡ್ಡಪಟ್ಟೆಗಳು ಅಳಿಸಿ, ಗಾಜಿನಂತೆ ನುಣುಪಾದ ಮುದ್ದೆಗಳು ಕಾಣುತ್ತವೆ. ಹರಿದ ಕೋಶಗಳಿಂದ ಮಯೋಗ್ಲೋಬಿನ್ ಎಂಬ ಕೆಂಪು ಪ್ರೋಟೀನು ರಕ್ತಕ್ಕೆ ಸೋರುತ್ತದೆ. ಮೂತ್ರದ ಕಾಫಿ ಬಣ್ಣ ಅದರದೇ. ಅದು ಮೂತ್ರಪಿಂಡದ ಸೂಕ್ಷ್ಮನಾಳಗಳನ್ನು ಕಟ್ಟಿ ಇನ್ನೊಂದು ಅನಾಹುತಕ್ಕೆ ದಾರಿಮಾಡುತ್ತದೆ.

ಪ್ರಾಣಿಯಿಂದ ಪ್ರಾಣಿಗೆ ಪೆಟ್ಟು ಬೀಳುವ ಸ್ನಾಯು ಬೇರೆ. ಕುದುರೆಯಲ್ಲಿ ಮುಖ್ಯವಾಗಿ ಹೃದಯ. ನಾಯಿ, ಹಂದಿ, ಕುರಿಗಳಲ್ಲಿ ಹೆಚ್ಚಾಗಿ ಮೈಕೈಗಳ ಸ್ನಾಯು. ದನಗಳಲ್ಲಿ ಎರಡೂ. ಕೋಳಿಯೂ ಪೂರ್ತಿ ಸುರಕ್ಷಿತವಲ್ಲ. ಗಿರಣಿಯಲ್ಲಿ ಪ್ರಮಾಣ ತಪ್ಪಿ ಹೆಚ್ಚಾದರೆ ಕೋಳಿಗಳು ಎದೆಯ ಮೇಲೆ ಮಲಗಿ, ಎರಡೂ ಕಾಲುಗಳನ್ನು ಹಿಂದಕ್ಕೆ ಚಾಚಿ, ರೆಕ್ಕೆ ಜೋತುಬಿಟ್ಟು ಬಿದ್ದಿರುತ್ತವೆ. ಪ್ರತಿವಿಷ ಎಂಬುದು ಇಂದಿಗೂ ಇಲ್ಲ. ಇ ಜೀವಸತ್ವ ಮತ್ತು ಸೆಲೆನಿಯಂ ಅನ್ನು ಮುಂಚೆಯೇ ಕೊಟ್ಟಿದ್ದರೆ ಹಂದಿಗಳಲ್ಲಿ ಹಾನಿ ಕಡಿಮೆಯಾಗುತ್ತದೆಂದು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಪ್ರಯೋಗಗಳು ತೋರಿಸಿದವು. ಆದರೆ ವಿಷ ಬೀಳುವುದೆಂದು ಯಾರು ಮುಂಚೆ ತಿಳಿದಿರುತ್ತಾರೆ?

ಕುದುರೆ ಮತ್ತು ಕೋಳಿಯ ನಡುವಣ ಅಂತರಕ್ಕೆ ಉತ್ತರದ ಒಂದು ಭಾಗ ಇಟಲಿಯಿಂದ ಬಂತು. 2001ರಲ್ಲಿ ಅಲ್ಲಿಯ ಸಂಶೋಧಕರು ಕುದುರೆ, ಹಂದಿ, ಕೋಳಿಮರಿ, ದನ ಮತ್ತು ಇಲಿಗಳ ಯಕೃತ್ತು ಮೊನೆನ್ಸಿನ್ ಅನ್ನು ಎಷ್ಟು ಬೇಗ ಒಡೆಯುತ್ತದೆಂದು ಹೋಲಿಸಿದರು. ಎಲ್ಲಕ್ಕಿಂತ ನಿಧಾನ ಕುದುರೆಯದು. ಕೋಳಿಯ ದೇಹದಲ್ಲಿ ವಿಷ ಬಂದ ದಾರಿಯಲ್ಲೇ ಹೊರಟುಹೋಗುತ್ತದೆ, ಕುದುರೆಯಲ್ಲಿ ಅದು ತಂಗುತ್ತದೆ. ಈ ಯಕೃತ್ತಿನ ಸಂಗತಿ ಇನ್ನೊಂದು ಅಪಾಯವನ್ನೂ ವಿವರಿಸುತ್ತದೆ. ಟಯಮುಲಿನ್ ಎಂಬ ಬೇರೊಂದು ಪ್ರತಿಜೈವಿಕವನ್ನು ಕೋಳಿ, ಹಂದಿಗಳ ಕೆಲವು ರೋಗಗಳಿಗೆ ಕೊಡುತ್ತಾರೆ. ಅದು ಯಕೃತ್ತಿನ ಒಡೆಯುವ ಕಿಣ್ವವನ್ನು ಅಡಗಿಸುತ್ತದೆ. ಆಗ ಆಹಾರದಲ್ಲಿರುವ ಸರಿಯಾದ ಪ್ರಮಾಣದ ಮೊನೆನ್ಸಿನ್ ಅಥವಾ ಸಲಿನೋಮೈಸಿನ್ನೇ ಕೋಳಿಗೂ ಹಂದಿಗೂ ವಿಷವಾಗುತ್ತದೆ. ಎರಡೂ ಔಷಧಿಗಳು ಬಿಡಿಬಿಡಿಯಾಗಿ ನಿರಪಾಯಕಾರಿ, ಒಟ್ಟಿಗೆ ಸೇರಿದರೆ ಮಾರಕ.

ಕೆಡುಕು ಕೊಟ್ಟಿಗೆಯಲ್ಲೇ ನಿಲ್ಲಲಿಲ್ಲ. ದಕ್ಷಿಣ ಆಫ್ರಿಕದಲ್ಲಿ ಕೋಳಿ ಶೆಡ್ಡಿನ ಹಿಕ್ಕೆ ಬೆರೆತ ಹೊಟ್ಟನ್ನು ದನ ಮತ್ತು ಕುರಿಗಳಿಗೆ ಅಗ್ಗದ ಮೇವಾಗಿ ಹಾಕುತ್ತಿದ್ದರು. ಕೋಳಿಗಳು ತಿಂದ ಮದುರಾಮೈಸಿನ್ ಹಿಕ್ಕೆಯಲ್ಲಿ ಉಳಿದು ಆ ಜಾನುವಾರುಗಳ ಹೃದಯವನ್ನು ಕೆಡಿಸಿತೆಂದು 1995ರಲ್ಲಿ ವರದಿಯಾಯಿತು. ಮರುವರ್ಷ, 1996ರಲ್ಲಿ, ನೆದರ್‌ಲೆಂಡ್ಸ್ ಮತ್ತು ಸ್ವಿಟ್ಜರ್‌ಲೆಂಡಿನಲ್ಲಿ ಎಂಟುನೂರಕ್ಕೂ ಹೆಚ್ಚು ಬೆಕ್ಕುಗಳು ಇದ್ದಕ್ಕಿದ್ದಂತೆ ಕುಂಟಿ, ಕಾಲಿನ ಸ್ವಾಧೀನ ಕಳೆದುಕೊಂಡವು. ಅಂಗಡಿಯಿಂದ ತಂದ ಬೆಕ್ಕಿನ ಆಹಾರದಲ್ಲಿ ಸಲಿನೋಮೈಸಿನ್ ಸೇರಿಕೊಂಡಿತ್ತು. ಬೆಕ್ಕುಗಳಲ್ಲಿ ಪೆಟ್ಟು ಬಿದ್ದದ್ದು ಸ್ನಾಯುವಿಗಿಂತ ಹೆಚ್ಚಾಗಿ ಸ್ನಾಯುವನ್ನು ನಡೆಸುವ ನರಗಳಿಗೆ.

ಇಲ್ಲಿ ಒಂದು ಪ್ರಕರಣವನ್ನು ನಿಮ್ಮ ವಯಸ್ಸಿನವರಿಗೆ ಹೇಳಲೇಬೇಕು. 2001ರಲ್ಲಿ ಬ್ರೆಜಿಲ್ ದೇಶದ ವೈದ್ಯರು ಹದಿನೇಳು ವರ್ಷದ ಒಬ್ಬ ಹುಡುಗನ ವಿಷಯ ಬರೆದರು. ದನಗಳ ಮೇವಿಗೆ ಬೆರೆಸುವ ಮೊನೆನ್ಸಿನ್ ಅನ್ನು ಆತ ತಿಂದಿದ್ದ. ದನಕ್ಕೆ ಮಾಂಸ ತುಂಬಿಸುವ ಪುಡಿ ತನಗೂ ಮೈಕಟ್ಟು ತಂದೀತೆಂಬ ಆಸೆ ಇದ್ದಿರಬಹುದೆಂದು ವೈದ್ಯರು ಊಹಿಸಿದ್ದಾರೆ. ಆತನ ಸ್ನಾಯುಗಳು ಕರಗಿ ರಕ್ತಕ್ಕೆ ಸೇರಿದವು, ಮೂತ್ರಪಿಂಡ ನಿಂತಿತು, ಹೃದಯ ಸೋತಿತು. ಹುಡುಗ ಉಳಿಯಲಿಲ್ಲ. ಸ್ನಾಯು ಬೆಳೆಸಲೆಂದು ತಿಂದದ್ದು ಸ್ನಾಯುವನ್ನೇ ತಿಂದಿತು. ದನದಲ್ಲಿ ಮೊನೆನ್ಸಿನ್ ಮಾಂಸ ಹೆಚ್ಚಿಸುವುದು ಮೊದಲ ಹೊಟ್ಟೆಯ ಬ್ಯಾಕ್ಟೀರಿಯಗಳ ಮೂಲಕ ಎಂದು ಆಗಲೇ ನೋಡಿದೆವು. ಮನುಷ್ಯನಿಗೆ ಆ ಹೊಟ್ಟೆಯೇ ಇಲ್ಲ! 2004ರಲ್ಲಿ ನ್ಯೂಜಿಲೆಂಡಿನಲ್ಲಿ ಸಲಿನೋಮೈಸಿನ್ ಪುಡಿ ಆಕಸ್ಮಿಕವಾಗಿ ದೇಹ ಸೇರಿ ಇಂಥದೇ ಸ್ನಾಯುನಾಶಕ್ಕೆ ತುತ್ತಾದ ವ್ಯಕ್ತಿಯೊಬ್ಬರ ವಿಷಯವೂ ಪ್ರಕಟವಾಯಿತು. ಅವರು ಬದುಕಿದರು.

ಹಾಗಾದರೆ ನಾವು ತಿನ್ನುವ ಕೋಳಿಮಾಂಸ? ಈ ಪ್ರಶ್ನೆ ನಿಮ್ಮ ಮನಸ್ಸಿನಲ್ಲಿ ಇದಕ್ಕೂ ಮೊದಲೇ ಎದ್ದಿರಬೇಕು. ಕೋಳಿಯ ದೇಹ ಮೊನೆನ್ಸಿನ್ ಅನ್ನು ಬೇಗ ಒಡೆದು ಹೊರಹಾಕುವುದರಿಂದ, ಸರಿಯಾದ ಪ್ರಮಾಣದಲ್ಲಿ ಕೊಟ್ಟಾಗ ಮಾಂಸದಲ್ಲಿ ಉಳಿಯುವುದು ಅತ್ಯಲ್ಪ. ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ಜಂಟಿ ತಜ್ಞ ಸಮಿತಿ 2008ರಲ್ಲಿ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 10 ಮೈಕ್ರೊಗ್ರಾಂವರೆಗೆ ಬಾಧಕವಿಲ್ಲವೆಂದು ನಿಗದಿ ಮಾಡಿತು. ಅರವತ್ತು ಕಿಲೋ ತೂಕದವರಿಗೆ ಇದು ಒಂದು ಮಿಲಿಗ್ರಾಂಗೂ ಕಡಿಮೆ. ಮೊಟ್ಟೆಯ ವಿಷಯ ಸ್ವಲ್ಪ ಬೇರೆ. ಲಸಲೋಸಿಡ್ ಮೊಟ್ಟೆಗೆ ಸುಲಭವಾಗಿ ಇಳಿಯುತ್ತದೆ. ಆದ್ದರಿಂದ ಮೊಟ್ಟೆ ಕೋಳಿಗಳ ಆಹಾರಕ್ಕೆ ಮಾಂಸದ ಕೋಳಿಗಳ ಆಹಾರ ಬೆರೆಯದಂತೆ ನೋಡಿಕೊಳ್ಳಬೇಕಾಗುತ್ತದೆ.

ಇನ್ನು ಕಾಯಿದೆಯ ಮಾತು. ಮೇವಿನಲ್ಲಿ ಪ್ರತಿಜೈವಿಕಗಳ ಬಗ್ಗೆ ಜಗತ್ತು ಹೆಚ್ಚಾಗಿ ಚರ್ಚಿಸಿದ್ದು ಇನ್ನೊಂದು ಭಯದಿಂದ. ರೋಗಾಣುಗಳು ಔಷಧಿಗೆ ಒಗ್ಗಿಕೊಂಡು, ನಾಳೆ ಮನುಷ್ಯರ ಚಿಕಿತ್ಸೆಗೆ ಅದೇ ಔಷಧಿ ನಿರುಪಯೋಗಿಯಾದೀತು ಎಂಬುದೇ ಆ ಭಯ. ಬ್ರಿಟನ್ನಿನ ಸ್ವಾನ್ ಸಮಿತಿ 1969ರಲ್ಲಿಯೇ ಎಚ್ಚರಿಸಿತ್ತು. ಸ್ವೀಡನ್ 1986ರಲ್ಲಿ ಬೆಳವಣಿಗೆಗಾಗಿ ಪ್ರತಿಜೈವಿಕ ಬೆರೆಸುವುದನ್ನು ನಿಷೇಧಿಸಿತು. ಐರೋಪ್ಯ ಒಕ್ಕೂಟ 2006ರ ಜನವರಿ 1ರಿಂದ ಉಳಿದವನ್ನೂ ನಿಲ್ಲಿಸಿತು. ಭಾರತವು ಮನುಷ್ಯರಿಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಅನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡುವುದನ್ನು 2019ರಲ್ಲಿ ನಿಷೇಧಿಸಿತು. ಈ ಚರ್ಚೆಯಲ್ಲಿ ಮೊನೆನ್ಸಿನ್ ಕುಟುಂಬ ಬಹುತೇಕ ಪಾರಾಯಿತು. ಏಕೆಂದರೆ ಇದನ್ನು ಮನುಷ್ಯರ ಚಿಕಿತ್ಸೆಗೆ ಬಳಸುವುದಿಲ್ಲ. ಬಳಸದಿರುವುದಕ್ಕೆ ಕಾರಣ ಅದರ ವಿಷಗುಣ. ಅಂದರೆ, ಮನುಷ್ಯರಿಗೆ ಕೊಡಲಾರದಷ್ಟು ವಿಷಕರವಾಗಿರುವುದೇ ಅದನ್ನು ಮೇವಿಗೆ ಯೋಗ್ಯವಾಗಿಸಿತು! ಐರೋಪ್ಯ ಒಕ್ಕೂಟವೂ ಬೆಳವಣಿಗೆಯ ಪಟ್ಟಿಯಿಂದ ಮೊನೆನ್ಸಿನ್, ಸಲಿನೋಮೈಸಿನ್‌ಗಳನ್ನು ತೆಗೆದುಹಾಕಿದರೂ ರಕ್ತಭೇದಿಯ ಮದ್ದೆಂದು ಕೋಳಿಗಳಿಗೆ ಕೊಡಲು ಬಿಟ್ಟಿತು. ಅಮೆರಿಕದಲ್ಲಿ ಇದೇ ವಸ್ತುವಿಗೆ ಪ್ರತಿಜೈವಿಕ ಎಂಬ ಹೆಸರು, ಯೂರೋಪಿನಲ್ಲಿ ಮೇವಿನ ಸೇರ್ಪಡೆ ಎಂಬ ಹೆಸರು. ಅಣು ಮಾತ್ರ ಒಂದೇ.

ಪೂರ್ತಿ ಬಿಟ್ಟುಬಿಡಬಾರದೇ ಎಂದರೆ, ರಕ್ತಭೇದಿಗೆ ಲಸಿಕೆ ಇದೆ. ಮೊದಲನೆಯದು 1952ರಲ್ಲೇ ಅಮೆರಿಕದಲ್ಲಿ ಮಾರಾಟಕ್ಕೆ ಬಂದಿತ್ತು. ಆದರೆ ಆಹಾರಕ್ಕೆ ಒಂದಿಷ್ಟು ಪುಡಿ ಬೆರೆಸುವುದು ಲಸಿಕೆಗಿಂತ ಸುಲಭ, ಖರ್ಚೂ ಕಡಿಮೆ. ರೈತನ ಲೆಕ್ಕವನ್ನು ನಾವು ಹಗುರವಾಗಿ ತಳ್ಳಿಹಾಕಲು ಬಾರದು. ರೋಗ ಬಿದ್ದ ಶೆಡ್ಡಿನ ನಷ್ಟ ಅವನದೇ. ಮೊನೆನ್ಸಿನ್ ಇಲ್ಲದಿದ್ದರೆ ಕರುಳು ಹರಿದು ಸಾಯುತ್ತಿದ್ದ ಕೋಳಿಗಳ ಸಂಖ್ಯೆಯೂ ಸಣ್ಣದಲ್ಲ.

ಈ ಅಣುಗಳ ಇತಿಹಾಸಕ್ಕೆ ಇನ್ನೊಂದು ತಿರುವೂ ಇದೆ. 1974ರಲ್ಲಿ ಪ್ರೆಸ್‌ಮನ್ ಅವರ ತಂಡ ಲಸಲೋಸಿಡ್ ನಾಯಿಗಳ ಹೃದಯದ ಮಿಡಿತಕ್ಕೆ ಬಲ ಕೊಡುವುದನ್ನು ಕಂಡಿತ್ತು. ಸ್ವಲ್ಪವೇ ಕ್ಯಾಲ್ಸಿಯಂ ಬಂದರೆ ಹೃದಯ ಗಟ್ಟಿಯಾಗಿ ಮಿಡಿಯುತ್ತದೆ, ಹೆಚ್ಚು ಬಂದರೆ ಸಾಯುತ್ತದೆ. ಆ ಎರಡರ ನಡುವಣ ಜಾಗ ಬಹಳ ಕಿರಿದು. 2009ರಲ್ಲಿ ಅಮೆರಿಕದ ಸಂಶೋಧಕರು ಸುಮಾರು 16,000 ರಾಸಾಯನಿಕಗಳನ್ನು ಸೋಸಿ ನೋಡಿದಾಗ, ಸ್ತನ ಕ್ಯಾನ್ಸರಿನ ಮೂಲಕೋಶಗಳನ್ನು ಕೊಲ್ಲುವುದರಲ್ಲಿ ಕೋಳಿ ಆಹಾರದ ಸಲಿನೋಮೈಸಿನ್ ಮುಂದೆ ನಿಂತಿತು. ಅಂದಿನಿಂದ ಆ ದಿಕ್ಕಿನಲ್ಲಿ ಕೆಲಸ ನಡೆದಿದೆ. ಅಡ್ಡ ಬರುತ್ತಿರುವುದು ಹಳೆಯ ತೊಡಕೇ. ಕ್ಯಾನ್ಸರ್ ಕೋಶಕ್ಕೆ ತಾಗುವ ಪ್ರಮಾಣದಲ್ಲಿ ರೋಗಿಯ ಸ್ನಾಯುವನ್ನೂ ನರವನ್ನೂ ಬಿಡುವಂತೆ ಅದನ್ನು ಮಾಡುವುದು ಹೇಗೆ?

ಮೇವಿನ ಗಿರಣಿಗಳಲ್ಲಿ ಈಗ ಒಂದು ಕ್ರಮವಿದೆ. ಮೊನೆನ್ಸಿನ್ ಬೆರೆಸಿದ ಆಹಾರ ತಯಾರಾದ ಮೇಲೆ ಅದೇ ಯಂತ್ರದಲ್ಲಿ ಕುದುರೆಯ ಆಹಾರವನ್ನು ಬೆರೆಸುವುದಿಲ್ಲ. ಮೊದಲು ಔಷಧಿಯಿಲ್ಲದ ಧಾನ್ಯವನ್ನು ಓಡಿಸಿ ಯಂತ್ರವನ್ನು ತೊಳೆದಂತೆ ಮಾಡುತ್ತಾರೆ. ಅನುಕೂಲವಿರುವ ಕಡೆ ಕುದುರೆಗೆಂದು ಬೇರೆ ಯಂತ್ರವನ್ನೇ ಇಡುತ್ತಾರೆ. ಅಮೆರಿಕದಲ್ಲಿ ಮಾರುವ ಮೊನೆನ್ಸಿನ್ ಚೀಲದ ಮೇಲೆ ಕುದುರೆಗಳನ್ನು ಇದರ ಹತ್ತಿರ ಬಿಡಬಾರದು, ತಿಂದ ಕುದುರೆಗಳು ಸತ್ತಿವೆ ಎಂಬ ಎಚ್ಚರಿಕೆಯನ್ನು ಅಚ್ಚು ಹಾಕಿರುತ್ತಾರೆ. ಓದು ಬಲ್ಲ ನೀವು ನಿಮ್ಮೂರಿನ ಕೋಳಿ ಫಾರಂಗೆ ಹೋದಾಗ ಅಲ್ಲಿಯ ಚೀಲಕ್ಕೆ ಹೊಲಿದ ಚೀಟಿಯನ್ನು ಒಮ್ಮೆ ತಿರುಗಿಸಿ ನೋಡಿ. ಮಾಂಸದ ಕೋಳಿಗಳ ಆಹಾರವಾಗಿದ್ದರೆ ಈ ಕುಟುಂಬದ ಯಾವುದಾದರೊಂದು ಹೆಸರು ಅಲ್ಲಿರಬಹುದು. ಪಕ್ಕದ ಕೊಟ್ಟಿಗೆಯಲ್ಲಿ ಏನನ್ನು ಕಟ್ಟಿದ್ದಾರೆ ಎಂಬುದನ್ನೂ ಗಮನಿಸಿ.